ಪರದೆ ಸರಿಸಿ! ಬಿದ್ದ ಕುದುರೆಯನ್ನು ನಾವು ನೋಡಬೇಕು!

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ,

ಎರಡು ನಿಮಿಷ ನಿಲ್ಲಿ! ಕೆಂಟಕಿ ಡರ್ಬಿ ಓಟ ಮುಗಿಯುವುದಕ್ಕೂ ಅಷ್ಟೇ ಹೊತ್ತು ಸಾಕು.

ನೀವು ಇಲ್ಲಿನ ರೇಸಿಗೆ ಹೋಗಿದ್ದೀರಾ? ನಾನು ಹೋಗಿದ್ದೆ. ರಜೆಯ ದಿನ, ಆಫೀಸಿನ ಗೆಳೆಯರ ಜೊತೆ. ಎರಡು ಡಾಲರ್ ಕಟ್ಟಿದೆ. ಎಲ್ಲರಂತೆ ಎದ್ದು ನಿಂತು ಕೂಗಿದೆ. ಕೊನೆಯ ತಿರುವಿನಲ್ಲಿ ಒಂದು ಕುದುರೆ ಮುಗ್ಗರಿಸಿತು. ಬಿದ್ದದ್ದು ಮತ್ತೆ ಎದ್ದಿತು. ಅದರ ಮುಂಗಾಲು ಬರೀ ಚರ್ಮದಲ್ಲಿ ಜೋತಾಡುತ್ತಿತ್ತು. ಆ ಕಾಲನ್ನು ಊರಲು ಅದು ಮತ್ತೆ ಮತ್ತೆ ನೋಡುತ್ತಿತ್ತು!

ಗಾಡಿ ಬಂತು. ಆಳುಗಳು ಇಳಿದು ಪರದೆ ಹಿಡಿದರು. ಪರದೆ ತೆಗೆದಾಗ ಅಲ್ಲಿ ಕುದುರೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮುಂದಿನ ಓಟಕ್ಕೆ ತುತ್ತೂರಿ ಊದಿದರು. ಪಕ್ಕದವರು ಬಿಯರ್ ತರಲು ಎದ್ದರು. ನಾನು ಮುಂದಿನ ಓಟಕ್ಕೆ ಟಿಕೆಟ್ ಕೊಂಡೆ! ಆ ಟಿಕೆಟ್ ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿದೆ.

ಆ ಪರದೆ ಯಾರಿಗಾಗಿ ಹಿಡಿದರು? ನಮಗಾಗಿ! ನೋಡಿದರೆ ನಾವು ಮತ್ತೆ ದುಡ್ಡು ಕಟ್ಟುವುದಿಲ್ಲ ಎಂಬ ಭಯಕ್ಕಾಗಿ!

ಅದಕ್ಕೇ ಈ ಕರಪತ್ರ. ಪರದೆ ಸರಿಸೋಣ ಬನ್ನಿ.

ಸತ್ತವರ ಹೆಸರು ಹೇಳುತ್ತೇವೆ, ಕೇಳಿ!

ಎಯ್ಟ್ ಬೆಲ್ಸ್. ಮೂರು ವರ್ಷದ ಹೆಣ್ಣುಕುದುರೆ. 2008ರ ಕೆಂಟಕಿ ಡರ್ಬಿಯಲ್ಲಿ ಹತ್ತೊಂಬತ್ತು ಗಂಡುಗಳ ನಡುವೆ ಓಡಿ ಎರಡನೆಯದಾಗಿ ಬಂತು. ಓಟ ಮುಗಿದಿತ್ತು. ವೇಗ ಇಳಿಸುತ್ತಿತ್ತು. ಆಗ ಎರಡೂ ಮುಂಗಾಲು ಮುರಿದವು! ಒಂದೂವರೆ ಲಕ್ಷ ಜನ ಸೇರಿದ್ದ ಮೈದಾನ. ಬಿದ್ದ ಜಾಗದಲ್ಲೇ ಸೂಜಿ ಚುಚ್ಚಿ ಸಾಯಿಸಿದರು.

ಬಾರ್ಬರೊ. 2006ರ ಡರ್ಬಿ ಗೆದ್ದ ಕುದುರೆ. ಎರಡೇ ವಾರಕ್ಕೆ ಪ್ರೀಕ್ನೆಸ್ ಓಟದಲ್ಲಿ ಹಿಂಗಾಲು ಚೂರಾಯಿತು. ಎಂಟು ತಿಂಗಳು ವೈದ್ಯರು ಹೋರಾಡಿದರು. ಮುರಿದ ಕಾಲಿನ ಭಾರವನ್ನೂ ಹೊತ್ತು ಉಳಿದ ಕಾಲುಗಳ ಗೊರಸು ಕೆಟ್ಟವು. 2007ರ ಜನವರಿಯಲ್ಲಿ ಅದಕ್ಕೂ ಅದೇ ಸೂಜಿ.

ಮೆಡಿನಾ ಸ್ಪಿರಿಟ್. 2021ರ ಡರ್ಬಿಯಲ್ಲಿ ಮೊದಲು ಬಂತು. ರಕ್ತದಲ್ಲಿ ಬೀಟಾಮೆಥಸೋನ್ ಸಿಕ್ಕಿತು. ಕೀಲಿನ ಊತ, ನೋವು ಇಳಿಸಲು ಬಳಸುವ ಔಷಧಿ ಅದು. ಅದೇ ಡಿಸೆಂಬರಿನಲ್ಲಿ ಬೆಳಗಿನ ತಾಲೀಮು ಮುಗಿಸಿ ಕುಸಿದು ಸತ್ತಿತು. ಸಾವಿನ ಕಾರಣ ಕೊನೆಗೂ ಖಚಿತವಾಗಲಿಲ್ಲ. ಆ ಔಷಧಿಯ ಕಾರಣಕ್ಕೆ ಅದರ ಗೆಲುವನ್ನು ರದ್ದು ಮಾಡಿದ್ದು 2022ರ ಫೆಬ್ರವರಿಯಲ್ಲಿ, ಕುದುರೆ ಸತ್ತು ಎರಡು ತಿಂಗಳಾದ ಮೇಲೆ!

ಲಾಸ್ ಏಂಜಲೀಸ್ ಪಕ್ಕದ ಸಾಂತಾ ಅನಿತಾ ರೇಸ್‌ಕೋರ್ಸ್. 2018ರ ಡಿಸೆಂಬರಿನ ಕೊನೆಯಿಂದ 2019ರ ಜೂನ್‌ವರೆಗೆ 30 ಕುದುರೆ ಸತ್ತವು. ಆರು ತಿಂಗಳಲ್ಲಿ ಮೂವತ್ತು! ಡರ್ಬಿ ನಡೆಯುವ ಚರ್ಚಿಲ್ ಡೌನ್ಸ್, 2023ರ ಬೇಸಿಗೆ. ಡರ್ಬಿಯ ಆಸುಪಾಸಿನ ಕೆಲವೇ ವಾರಗಳಲ್ಲಿ 12 ಕುದುರೆ. ಡರ್ಬಿಯ ದಿನವೇ ಎರಡು! ಆದರೂ ಡರ್ಬಿ ನಡೆಯಿತು. ದೊಡ್ಡ ಟೋಪಿಗಳು ಕ್ಯಾಮೆರಾ ಮುಂದೆ ನಕ್ಕವು.

ಇವೆಲ್ಲ ಟೀವಿಗೆ ಬಂದ ಸಾವುಗಳು. ವಾರದ ನಡುವೆ, ಖಾಲಿ ಗ್ಯಾಲರಿಯ ಮುಂದೆ, ಸಣ್ಣ ಬಹುಮಾನಕ್ಕೆ ಓಡಿ ಬೀಳುವ ಕುದುರೆಗೆ ಅಳುವವರು ಯಾರು? ಬೆಳಗಿನ ತಾಲೀಮಿನಲ್ಲಿ ಬಿದ್ದದ್ದನ್ನು ಬಹಳ ಕಾಲ ದೇಶದ ಸಾವಿನ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ!

ಗ್ರಹಚಾರ ಅನ್ನಬೇಡಿ!

ಕುದುರೆಯ ತೂಕ ಸುಮಾರು ಅರ್ಧ ಟನ್. ಓಟ ಗಂಟೆಗೆ 60 ಕಿಲೋಮೀಟರ್ ಮೀರುತ್ತದೆ. ಮೊಣಕಾಲ ಕೆಳಗೆ ಮಾಂಸಖಂಡವೇ ಇಲ್ಲ. ಬರೀ ಮೂಳೆ, ನರ, ತೊಗಲು. ಅಷ್ಟೂ ಭಾರ ಒಂದೊಂದು ಹೆಜ್ಜೆಗೆ ಒಂದೊಂದು ಕಾಲಿನ ಮೇಲೆ ಬೀಳುತ್ತದೆ.

ಆದರೆ ಒಂದೇ ಹೆಜ್ಜೆಗೆ ಮೂಳೆ ಮುರಿಯುವುದು ಅಪರೂಪ. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ರೇಸ್‌ಕೋರ್ಸಿನಲ್ಲಿ ಸತ್ತ ಕುದುರೆಗಳ ಮರಣೋತ್ತರ ಪರೀಕ್ಷೆ ನಡೆಯುತ್ತಿದೆ. ವೈದ್ಯರು ಕಂಡದ್ದೇನು? ಮೂಳೆ ಮುರಿದು ಸತ್ತವುಗಳಲ್ಲಿ ಬಹುಪಾಲಿಗೆ ಅದೇ ಜಾಗದಲ್ಲಿ ಮೊದಲೇ ಸಣ್ಣ ಬಿರುಕಿತ್ತು! ವಾರಗಳ ಹಿಂದೆಯೇ ಕಾಲು ಹೇಳುತ್ತಿತ್ತು: ನನಗೆ ಬಿಡುವು ಕೊಡಿ. ನೋವಿನ ಬಾಯಿಗೆ ಬಟ್ಟೆ ತುರುಕಿ ಓಡಿಸಿದರು. ಕೀಲಿಗೆ ಚುಚ್ಚುಮದ್ದು. ಊತಕ್ಕೆ ಬ್ಯೂಟ್. ಶ್ವಾಸಕೋಶದಿಂದ ರಕ್ತ ಬಾರದ ಹಾಗೆ ಲೇಸಿಕ್ಸ್. ಆಮೇಲೆ ಜೀನು ಬಿಗಿದು ಗೇಟಿಗೆ ತಳ್ಳಿದರು!

ಕ್ಲೇಮಿಂಗ್ ರೇಸ್ ಎಂಬುದೊಂದಿದೆ. ಇಲ್ಲಿನ ಓಟಗಳಲ್ಲಿ ಬಹಳಷ್ಟು ಇಂಥವೇ. ಪ್ರತಿ ಕುದುರೆಗೂ ಬೆಲೆ ಬರೆದಿರುತ್ತದೆ. ಓಟಕ್ಕೆ ಮೊದಲು ಚೀಟಿ ಹಾಕಿದವನಿಗೆ ಓಟದ ನಂತರ ಕುದುರೆ. ನಮ್ಮೂರ ಸಂತೆಯಲ್ಲಿ ದನ ಕೊಳ್ಳುವವನೂ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇಲ್ಲಿ ಅದೂ ಇಲ್ಲದೆ ಕುದುರೆಗಳು ಕೈಯಿಂದ ಕೈಗೆ ದಾಟಿದವು! ಯಾವ ಕಾಲಿಗೆ ಎಷ್ಟು ಸೂಜಿ ಬಿದ್ದಿದೆ ಎಂಬ ಲೆಕ್ಕ ಹಳೆಯ ಲಾಯದಲ್ಲೇ ಉಳಿಯುತ್ತಿತ್ತು. ಕುಂಟುವ ಕುದುರೆಯನ್ನು ಕಡಿಮೆ ಬೆಲೆಗೆ ಇಳಿಸಿ ಬೇರೆಯವನ ತಲೆಗೆ ಕಟ್ಟುವುದು ಇಲ್ಲಿ ಜಾಣತನ ಅನ್ನಿಸಿಕೊಂಡಿತ್ತು.

ಇನ್ನು ಎಳೆಯ ಕುದುರೆಗಳ ಮಾತು. ಎರಡು ವರ್ಷದ ಮರಿ. ಹಾಲುಹಲ್ಲೂ ಬಿದ್ದಿರುವುದಿಲ್ಲ. ಹರಾಜಿನಲ್ಲಿ ಶ್ರೀಮಂತರ ಕಣ್ಣಿಗೆ ಬೀಳಲಿ ಎಂದು 200 ಮೀಟರ್ ದೂರವನ್ನು 10 ಸೆಕೆಂಡಿನ ಆಸುಪಾಸಿನಲ್ಲಿ ಓಡಿಸುತ್ತಾರೆ! ಹದವಾದ ಓಟ ಎಳೆ ಮೂಳೆಯನ್ನು ಗಟ್ಟಿ ಮಾಡುತ್ತದೆ, ಅದನ್ನು ನಾವೂ ಒಪ್ಪುತ್ತೇವೆ. ಗಡಿಯಾರಕ್ಕಾಗಿ ಪ್ರಾಣ ಬಿಟ್ಟು ಓಡಿಸುವುದರಲ್ಲಿ ಯಾವ ಹದ ಇದೆ?

2020ರ ಮಾರ್ಚ್. ಕೇಂದ್ರ ಸರ್ಕಾರ 27 ಜನರ ಮೇಲೆ ಕೇಸು ಹಾಕಿತು. ಟ್ರೈನರುಗಳು, ಪಶುವೈದ್ಯರು, ಔಷಧಿ ಮಾರುವವರು. ಪರೀಕ್ಷೆಯಲ್ಲಿ ಸಿಗದ ಉದ್ದೀಪನ ಮದ್ದು ಕೊಟ್ಟ ಆರೋಪ. ಟ್ರೈನರ್ ಹೋರ್ಹೆ ನವಾರೊಗೆ ಐದು ವರ್ಷ ಜೈಲಾಯಿತು. ಜೇಸನ್ ಸರ್ವಿಸ್‌ಗೆ ನಾಲ್ಕು ವರ್ಷ. ಪಶುವೈದ್ಯರೂ ಇದ್ದರು ಅನ್ನುವುದನ್ನು ಮತ್ತೊಮ್ಮೆ ಓದಿ! ಮೂಕಪ್ರಾಣಿ ಇನ್ನು ಯಾರನ್ನು ನಂಬಬೇಕು?

ಲಾಯದ ಆಳು ನಮ್ಮವನೇ!

ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ಲಾಯ ನೋಡಿ. ಲದ್ದಿ ಬಾಚುವವನು, ಕಾಲಿಗೆ ಪಟ್ಟಿ ಸುತ್ತುವವನು, ಬೆವರಿದ ಕುದುರೆಯನ್ನು ಹಗ್ಗ ಹಿಡಿದು ತಿರುಗಾಡಿಸುವವನು. ಹೆಚ್ಚಿನವರು ಮೆಕ್ಸಿಕೊ, ಗ್ವಾಟೆಮಾಲಾದಂಥ ಕಡೆಯಿಂದ ಬಂದವರು. ಎಷ್ಟೋ ಜನ ರೇಸ್‌ಕೋರ್ಸಿನ ಹಿಂದಿನ ಸಣ್ಣ ಕೋಣೆಗಳಲ್ಲೇ ಬದುಕುತ್ತಾರೆ. ಕುದುರೆ ಬಿದ್ದಾಗ ಪರದೆಯ ಆಚೆಯಿಂದ ಖಾಲಿ ಹಗ್ಗ ಹಿಡಿದು ವಾಪಸು ನಡೆದು ಬರುವವನು ಇವನೇ. ರಾತ್ರಿ ಅದಕ್ಕೆ ಮೇವು ಹಾಕಿದ್ದ ಕೈ ಅದು!

ನಮಗೆ ವೀಸಾ ಗೊತ್ತು. ಕೆಲಸ ಹೋದರೆ ಅರವತ್ತು ದಿನ ಎಣಿಸುವ ಸಂಕಟ ಗೊತ್ತು. ಎಚ್-1ಬಿ ಮೇಲೆ ಕೂತು ಮೇಲಿನವನ ಮುಂದೆ ಎಷ್ಟು ಸಲ ಮಾತು ನುಂಗಿದ್ದೇವೆ! ಇವರಲ್ಲಿ ಎಷ್ಟೋ ಜನರಿಗೆ ಇರುವುದು ಎಚ್-2ಬಿ. ಅದೂ ಒಬ್ಬ ಮಾಲೀಕನಿಗೆ ಕಟ್ಟಿದ ಹಗ್ಗ. ಅದೂ ಇಲ್ಲದವರು ಇನ್ನೂ ಎಷ್ಟೋ. "ಈ ಕುದುರೆ ಕುಂಟುತ್ತಿದೆ, ಇವತ್ತು ಓಡಿಸಬೇಡಿ" ಎಂದು ಹೇಳುವ ಧೈರ್ಯ ಇವರಿಗೆ ಎಲ್ಲಿಂದ ಬರಬೇಕು? ಕುದುರೆಯ ಕಾಲು ಮೊದಲು ಮುಟ್ಟಿ ನೋಡುವವನ ಬಾಯಿಯೇ ಕಟ್ಟಿದೆ!

ನ್ಯೂಯಾರ್ಕಿನಲ್ಲಿ ಲಾಯದ ಆಳುಗಳಿಗೆ ಕೂಲಿ ಸರಿಯಾಗಿ ಕೊಡದ ಟ್ರೈನರುಗಳನ್ನು ಕೇಂದ್ರ ಕಾರ್ಮಿಕ ಇಲಾಖೆಯೇ ಹಿಡಿದಿದೆ. 2025ರ ಜೂನಿನಲ್ಲಿ ಲೂಸಿಯಾನಾದ ಡೆಲ್ಟಾ ಡೌನ್ಸ್ ರೇಸ್‌ಕೋರ್ಸಿನ ಲಾಯಗಳಿಗೆ ವಲಸೆ ಪೊಲೀಸರು ನುಗ್ಗಿ 80ಕ್ಕೂ ಹೆಚ್ಚು ಕೆಲಸಗಾರರನ್ನು ಹಿಡಿದುಕೊಂಡು ಹೋದರು. ಬೇ ಏರಿಯಾದವರೇ, ಗೋಲ್ಡನ್ ಗೇಟ್ ಫೀಲ್ಡ್ಸ್ ನೆನಪಿದೆಯಲ್ಲ? ಹೆದ್ದಾರಿಯಿಂದ ಕಾಣುತ್ತಿತ್ತು. 1941ರಿಂದ ಇದ್ದ ಆ ರೇಸ್‌ಕೋರ್ಸ್ 2024ರ ಜೂನಿನಲ್ಲಿ ಮುಚ್ಚಿತು. ಮಾಲೀಕರ ಕೈಯಲ್ಲಿ ಜಾಗ ಉಳಿಯಿತು. ಲಾಯದ ಹಿಂದೆ ಮನೆ ಮಾಡಿಕೊಂಡಿದ್ದವರ ಕೈಯಲ್ಲಿ ಏನು ಉಳಿಯಿತು?

ಜಾಕಿಯ ಬೆನ್ನ ಹಿಂದೆ ಆಂಬುಲೆನ್ಸ್!

ಕೆಲಸ ಮಾಡುವಾಗ ಬೆನ್ನ ಹಿಂದೆಯೇ ಆಂಬುಲೆನ್ಸ್ ಓಡುವ ಕೆಲಸ ಬೇರೆ ಯಾವುದಿದೆ ಹೇಳಿ! ತೂಕ ಇಳಿಸಲು ಊಟ ಬಿಡುತ್ತಾರೆ. ಉಗಿಕೋಣೆಯಲ್ಲಿ ಬೆಂದು ಬೆವರು ಹರಿಸುತ್ತಾರೆ. ತಿಂದದ್ದನ್ನು ವಾಂತಿ ಮಾಡಿಕೊಳ್ಳುವವರೂ ಇದ್ದಾರೆ. ಆ ಸೊರಗಿದ ಮೈಯಲ್ಲೇ ಅರ್ಧ ಟನ್ ಪ್ರಾಣಿಯ ಮೇಲೆ ಕೂರುತ್ತಾರೆ.

ರಾನ್ ಟರ್ಕಾಟ್ ಹೆಸರು ಕೇಳಿದ್ದೀರಾ? 1973ರಲ್ಲಿ ಸೆಕ್ರೆಟೇರಿಯಟ್ ಕುದುರೆಯನ್ನು ಓಡಿಸಿ ಬೆಲ್ಮಾಂಟ್ ಓಟವನ್ನು 31 ಕುದುರೆಯುದ್ದದಿಂದ ಗೆದ್ದವರು. ಜಗತ್ತೇ ಚಪ್ಪಾಳೆ ತಟ್ಟಿತು. ಐದು ವರ್ಷಕ್ಕೆ ಅದೇ ಬೆಲ್ಮಾಂಟ್ ರೇಸ್‌ಕೋರ್ಸಿನಲ್ಲಿ ಬಿದ್ದರು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. 2025ರಲ್ಲಿ ತೀರಿಕೊಳ್ಳುವವರೆಗೆ, 47 ವರ್ಷ, ಗಾಲಿಕುರ್ಚಿ! ಮೇಲಿನವರಿಗೇ ಹೀಗಾದರೆ ಸಣ್ಣ ಊರಿನ ಜಾಕಿಯ ಪಾಡೇನು?

ನಮ್ಮ ಜೇಬಿಗೂ ಕತ್ತರಿ!

ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಮನೆ ಮಾರಿದವರನ್ನು ಬೆಂಗಳೂರಿನಲ್ಲಿ ನಾವು ಕಂಡಿದ್ದೇವೆ. ಇಲ್ಲಿ ರೇಸ್‌ಕೋರ್ಸೇ ಫೋನಿನೊಳಗೆ ಬಂದು ಕೂತಿದೆ. ನೂರು ಡಾಲರ್ ಕಟ್ಟಿದರೆ 16ರಿಂದ 25 ಡಾಲರ್ ಮೊದಲೇ ಮುರಿದುಕೊಳ್ಳುತ್ತಾರೆ. ಮಿಕ್ಕದ್ದರಲ್ಲಿ ನಾವು ನಾವೇ ಬಡಿದಾಡಬೇಕು. ಅದೂ ಸಮಬಲದ ಜಗಳವೇ? ಎದುರಿಗೆ ಕಂಪ್ಯೂಟರ್! ಕೊನೆಯ ಕ್ಷಣದಲ್ಲಿ ಸಾವಿರಾರು ಬೆಟ್ ಸುರಿಯುವ ದೊಡ್ಡ ಕುಳಗಳು. ಅವರಿಗೆ ಕಮಿಷನ್ನಿನಲ್ಲಿ ರಿಯಾಯಿತಿ ಬೇರೆ! ನೀವು ಟಿಕೆಟ್ ಕೊಂಡಾಗ ಒಂದಕ್ಕೆ ಐದು. ಗೇಟು ತೆರೆದ ಮೇಲೆ ನೋಡಿದರೆ ಒಂದಕ್ಕೆ ಮೂರು!

"ನಾನು ರೇಸ್ ಆಡುವುದೇ ಇಲ್ಲ" ಅನ್ನುತ್ತೀರಾ? ನಿಮ್ಮ ಹೆಸರಿನಲ್ಲಿ ನಿಮ್ಮ ಸರ್ಕಾರ ಆಡುತ್ತಿದೆ! ಮೇರಿಲ್ಯಾಂಡಿನವರೇ, ಪಿಮ್ಲಿಕೊ ರೇಸ್‌ಕೋರ್ಸ್ ಮತ್ತೆ ಕಟ್ಟಲು 2024ರಲ್ಲಿ ನಿಮ್ಮ ಶಾಸನಸಭೆ 40 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿದೆ. ನ್ಯೂಯಾರ್ಕಿನವರೇ, ಬೆಲ್ಮಾಂಟಿಗೆ ನಿಮ್ಮ ರಾಜ್ಯ 45.5 ಕೋಟಿ ಡಾಲರ್ ಸಾಲ ಕೊಟ್ಟಿದೆ. ಪೆನ್ಸಿಲ್ವೇನಿಯಾದವರೇ, 2004ರ ಕಾನೂನಿನ ಪ್ರಕಾರ ನಿಮ್ಮ ಕ್ಯಾಸಿನೊ ಯಂತ್ರಗಳ ಆದಾಯದ ಪಾಲು ರೇಸಿನ ಬಹುಮಾನಕ್ಕೆ ಹರಿಯುತ್ತಿದೆ. ಶಾಲೆಗೆ, ಬಸ್ಸಿಗೆ ಬರಬಹುದಿದ್ದ ದುಡ್ಡು. ಕೊಡುವವರು ನಾವು. ಕೇಳುವ ಹಕ್ಕು ನಮಗಿಲ್ಲವೇ?

ಓಡಲಾರದ ದಿನ ಬಂದರೆ?

ಫರ್ಡಿನಾಂಡ್. 1986ರ ಡರ್ಬಿ ವಿಜೇತ. ಮರುವರ್ಷ ಇಡೀ ದೇಶಕ್ಕೇ ವರ್ಷದ ಕುದುರೆ. ಜಪಾನಿಗೆ ಮಾರಿದರು. 2002ರಲ್ಲಿ ಅಲ್ಲಿನ ಕಸಾಯಿಖಾನೆಯಲ್ಲಿ ಅದರ ಕಥೆ ಮುಗಿಯಿತು! ಅಮೆರಿಕದ ಕೊನೆಯ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದವು. ಲಾರಿಗಳು ಮಾತ್ರ ನಿಂತಿಲ್ಲ. ಇವತ್ತಿಗೂ ಮೆಕ್ಸಿಕೊ, ಕೆನಡಾ ಗಡಿ ದಾಟಿಸುತ್ತಾರೆ. ಅನ್ನ ಹಾಕಿದ ಪ್ರಾಣಿಗೆ ಮುಪ್ಪಿನಲ್ಲಿ ಒಂದು ಹಿಡಿ ಹುಲ್ಲು ಹಾಕದವರು ಯಾವ ಸೀಮೆಯ ಒಡೆಯರು?

ದಾರಿ ಇದೆ! ಲೆಕ್ಕ ನೋಡಿ!

ಏನೂ ಮಾಡಲಾಗದು ಎಂದು ಯಾರಾದರೂ ಹೇಳಿದರೆ ಈ ಅಂಕಿ ಮುಖಕ್ಕೆ ಹಿಡಿಯಿರಿ.

2009ರಲ್ಲಿ, ಒಂದು ಸಾವಿರ ಸಲ ಕುದುರೆ ಓಟಕ್ಕಿಳಿದರೆ ಎರಡು ಸಾಯುತ್ತಿದ್ದವು. ಆಗ ರಾಜ್ಯಕ್ಕೊಂದು ನಿಯಮ. ಇಲ್ಲಿ ಶಿಕ್ಷೆಯಾದವನು ಗಡಿ ದಾಟಿ ಇನ್ನೊಂದು ಊರಿನಲ್ಲಿ ಲಾಯ ತೆರೆಯಬಹುದಿತ್ತು. 2020ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೆ ಒಂದೇ ಕಾನೂನು ಬಂತು. ಹೈಸಾ ಅಂತ ಕರೆಯುತ್ತಾರೆ. ಸುರಕ್ಷತೆಯ ನಿಯಮ 2022ರ ಜುಲೈನಲ್ಲಿ ಜಾರಿಯಾಯಿತು. ಮದ್ದಿನ ನಿಯಮ 2023ರ ಮೇ ತಿಂಗಳಲ್ಲಿ. ಓಟಕ್ಕೆ ಮೊದಲು ವೈದ್ಯರ ತಪಾಸಣೆ ಬಿಗಿಯಾಯಿತು. ಚಾವಟಿ ಏಟು ಒಂದು ಓಟಕ್ಕೆ ಆರೇ ಎಂದಾಯಿತು. ಕ್ಲೇಮಿಂಗ್ ಓಟದಲ್ಲಿ ಕುದುರೆ ಸತ್ತರೆ, ಕುಂಟಿದರೆ ಮಾರಾಟವೇ ರದ್ದು.

ಈ ಕಾನೂನಿನ ಕೆಳಗಿರುವ ರೇಸ್‌ಕೋರ್ಸುಗಳಲ್ಲಿ 2023ರಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ 1.23ಕ್ಕೆ ಇಳಿಯಿತು. 2024ರಲ್ಲಿ 0.90! ಕಾನೂನಿನ ಹೊರಗೆ ಉಳಿದವುಗಳಲ್ಲಿ ಅದೇ ವರ್ಷ 1.76. ಹತ್ತಿರ ಹತ್ತಿರ ಎರಡು ಪಟ್ಟು!

ಅದೇ ತಳಿಯ ಕುದುರೆ. ಅದೇ ದೇಶ. ನಿಯಮ ಇದ್ದ ಕಡೆ ಬದುಕಿತು, ಇಲ್ಲದ ಕಡೆ ಸತ್ತಿತು!

ಹೊರಗಿರುವವರು ಯಾರು? ಟೆಕ್ಸಸ್, ಲೂಸಿಯಾನಾ, ವೆಸ್ಟ್ ವರ್ಜಿನಿಯಾ. ಡಾಲಸ್, ಹ್ಯೂಸ್ಟನ್ ಕನ್ನಡಿಗರೇ, ನಿಮ್ಮ ಊರಿನ ರೇಸ್‌ಕೋರ್ಸುಗಳೂ ಹೊರಗೇ ಇವೆ! ರಾಜ್ಯದ ಹಕ್ಕು ಅನ್ನುತ್ತಾರೆ. ಕುದುರೆಯನ್ನು ಸಾಯಿಸುವ ಹಕ್ಕೇ? ಈ ಕಾನೂನನ್ನೇ ಕೆಡವಲು ಕೋರ್ಟಿನಿಂದ ಕೋರ್ಟಿಗೆ ಅಲೆಯುತ್ತಿದ್ದಾರೆ. 2024ರಲ್ಲಿ ಒಂದು ಮೇಲ್ಮನವಿ ಕೋರ್ಟು ಅದರ ಹಲ್ಲು ಕೀಳುವ ತೀರ್ಪು ಕೊಟ್ಟಿತು. ಬೇರೆ ಎರಡು ಕೋರ್ಟುಗಳು ಕಾನೂನು ಸರಿ ಅಂದವು. 2025ರ ಜೂನಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ವಿಚಾರಿಸಿ ಎಂದು ಕೆಳಗೆ ಕಳಿಸಿತು. ಅಂದರೆ, ಬಂಧುಗಳೇ, ಇಷ್ಟು ವರ್ಷದ ಮೇಲೆ ಸಿಕ್ಕ ಒಂದೇ ಒಂದು ಬೇಲಿಯನ್ನೂ ಕಿತ್ತೊಗೆಯಲು ಜನ ನಿಂತಿದ್ದಾರೆ! ಈಗ ಸುಮ್ಮನಿರುವ ಹೊತ್ತೇ?

ನಾವು ಕೇಳುವುದು ಇಷ್ಟು!

ಐವತ್ತು ರಾಜ್ಯಕ್ಕೂ ಒಂದೇ ನಿಯಮ ಇರಲಿ. ಕ್ವಾರ್ಟರ್ ಹಾರ್ಸ್ ತಳಿಗೂ, ಗಾಡಿ ಎಳೆದು ಓಡುವ ಕುದುರೆಗೂ ಅದೇ ರಕ್ಷಣೆ ಸಿಗಲಿ. ಅವುಗಳ ಕಾಲೂ ಮೂಳೆಯದೇ!

ಕುದುರೆ ಕೈ ಬದಲಾದರೆ ಅದರ ಸೂಜಿ ಮದ್ದಿನ ಪೂರ್ತಿ ಲೆಕ್ಕ ಜೊತೆಗೇ ಹೋಗಲಿ. ಸಾಂತಾ ಅನಿತಾದಲ್ಲಿ 30 ಸಾವಿನ ನಂತರ, ಕುದುರೆ ನಿಂತಿರುವಾಗಲೇ ಕಾಲಿನ ಒಳಗಿನ ಬಿರುಕು ಪತ್ತೆ ಮಾಡುವ ಸ್ಕ್ಯಾನ್ ಯಂತ್ರ ತಂದರು. ಅಂಥದ್ದು ಎಲ್ಲ ಕಡೆಯೂ ಬರಲಿ. ಕುದುರೆಯನ್ನು ಓಡದಂತೆ ತಡೆಯುವ ವೈದ್ಯರಿಗೆ ರೇಸ್‌ಕೋರ್ಸ್ ಸಂಬಳ ಕೊಡಬಾರದು. ಕೃತಕ ನೆಲದ ಮೇಲೆ ಮಣ್ಣಿಗಿಂತ ಸಾವು ಕಡಿಮೆ ಎಂದು ಲೆಕ್ಕ ಹೇಳುತ್ತದೆ. ಸಾಂತಾ ಅನಿತಾದಲ್ಲಿ ಅದನ್ನು ಹಾಕಿಯೂ 2010ರಲ್ಲಿ ಕಿತ್ತು ಮತ್ತೆ ಮಣ್ಣು ಸುರಿದರು! ಸಾರ್ವಜನಿಕ ದುಡ್ಡು ಬೇಕಾದರೆ ಮೊದಲು ನೆಲ ಬದಲಿಸಲಿ.

ಪ್ರತಿ ಬೆಟ್ಟಿನಿಂದ ಒಂದು ಪಾಲು ಕುದುರೆಯ ಮುಪ್ಪಿಗೆ, ಒಂದು ಪಾಲು ಜಾಕಿಯ ವಿಮೆಗೆ, ಒಂದು ಪಾಲು ಲಾಯದ ಆಳಿನ ಮನೆಗೆ. ಕಂಪ್ಯೂಟರ್ ಕುಳಗಳಿಗೆ ಗೇಟು ತೆರೆಯುವ ಮೊದಲೇ ಬಾಗಿಲು ಮುಚ್ಚಲಿ. ಪ್ರತಿ ಸಾವಿನ ಕಾರಣವೂ ಹೆಸರಿನ ಸಮೇತ ಹೊರಗೆ ಬರಲಿ.

ರೇಸೇ ಬೇಡ ಅನ್ನುವವರು ನಮ್ಮ ನಡುವೆ ಇದ್ದಾರೆ. ಕುದುರೆಯ ಓಟವೆಂದರೆ ಪ್ರಾಣ ಬಿಡುವವರೂ ಇದ್ದಾರೆ. ಈ ಬೇಡಿಕೆಗಳಲ್ಲಿ ಇಬ್ಬರೂ ಒಂದೇ. ಕುದುರೆ ಬದುಕುವ ಹಾಗೆ ಓಡಿಸಲು ಆಗದಿದ್ದರೆ ನಮ್ಮ ತೆರಿಗೆ ದುಡ್ಡು ವಾಪಸು ಇಡಿ!

ನೀವು ಇವತ್ತೇ ಮಾಡಬೇಕಾದದ್ದು!

ನಿಮ್ಮ ಸಂಸದರ ಕಚೇರಿಗೆ ಫೋನ್ ಮಾಡಿ. ಎರಡೇ ಮಾತು ಹೇಳಿ: ಹೈಸಾ ಕಾನೂನನ್ನು ಉಳಿಸಿ, ಬಲಪಡಿಸಿ. ಕುದುರೆಗಳನ್ನು ಕಸಾಯಿಖಾನೆಗೆ ಗಡಿ ದಾಟಿಸುವುದನ್ನು ನಿಷೇಧಿಸುವ ಸೇಫ್ ಮಸೂದೆಗೆ ಮತ ಹಾಕಿ. ವೋಟಿಲ್ಲ, ವೀಸಾದಲ್ಲಿದ್ದೇವೆ ಎಂದು ಹಿಂಜರಿಯಬೇಡಿ. ಆ ಕ್ಷೇತ್ರದಲ್ಲಿ ವಾಸವಿದ್ದರೆ, ತೆರಿಗೆ ಕಟ್ಟುತ್ತಿದ್ದರೆ, ಪತ್ರ ಬರೆಯಲು ಅಷ್ಟು ಸಾಕು.

ರಾಜ್ಯದ ಶಾಸಕರನ್ನು ಕೇಳಿ: ರೇಸಿಗೆ ಕೊಟ್ಟ ನಮ್ಮ ದುಡ್ಡಿನಲ್ಲಿ ಕುದುರೆಯ ಸುರಕ್ಷತೆಗೆ ಎಷ್ಟು ಹೋಯಿತು? ಲಾಯದ ಆಳಿನ ಕೋಣೆಗೆ ಎಷ್ಟು ಹೋಯಿತು? ಉತ್ತರ ಬರುವವರೆಗೆ ಮತ್ತೆ ಮತ್ತೆ ಕೇಳಿ!

ಹೈಸಾ ಒಪ್ಪದ ರೇಸ್‌ಕೋರ್ಸಿನಲ್ಲಿ ಒಂದು ಡಾಲರ್ ಕೂಡ ಕಟ್ಟಬೇಡಿ. ಕೂಟಗಳಲ್ಲಿ, ಆಫೀಸಿನಲ್ಲಿ ಡರ್ಬಿ ಪಾರ್ಟಿ ಇದ್ದರೆ ಹೋಗಿ. ಬೆಟ್ ಕಟ್ಟಬೇಡಿ. ಎಯ್ಟ್ ಬೆಲ್ಸ್ ಹೆಸರು ಎತ್ತಿ. ಮಾತು ನಿಂತು ಹೋಗುತ್ತದೆ, ಹೋಗಲಿ!

ಮುಂದಿನ ಸಲ ಮೈದಾನದಲ್ಲಿ ಪರದೆ ಎತ್ತಿದಾಗ ಮುಖ ತಿರುಗಿಸಬೇಡಿ. ಬಿಯರ್ ತರಲು ಏಳಬೇಡಿ. ನಿಂತು ನೋಡಿ. ಯಾವ ಕುದುರೆ, ಯಾರ ಲಾಯ, ಹಿಂದಿನ ಓಟ ಯಾವಾಗ, ಕಾಲಿಗೆ ಕೊನೆಯ ಸೂಜಿ ಯಾವ ದಿನ ಎಂದು ಗಟ್ಟಿಯಾಗಿ ಕೇಳಿ. ಒಬ್ಬರು ಕೇಳಿದರೆ ಹೊರಗೆ ದಬ್ಬಬಹುದು. ಸಾವಿರ ಜನ ಕೇಳಿದರೆ ಪರದೆ ಹಿಡಿದವರ ಕೈ ನಡುಗುತ್ತದೆ!

ಮೇ ತಿಂಗಳ ಮೊದಲ ಶನಿವಾರ ಡರ್ಬಿ. ನಿಮ್ಮ ಫೋನು, ನಿಮ್ಮ ಪತ್ರ ಅದಕ್ಕೆ ಮೊದಲೇ ಹೋಗಲಿ.

ಓದಿದ ಮೇಲೆ ಇದನ್ನು ಮಡಚಿ ಜೇಬಿಗಿಡಬೇಡಿ. ಪಕ್ಕದಲ್ಲಿ ನಿಂತವರ ಕೈಗೆ ಕೊಡಿ.